ದೊಡ್ಡಪ್ಪನ ವೈರಾಗ್ಯ

ದೊಡ್ಡಮ್ಮ ತೀರಿಕೊಂಡ ಮೇಲೆ ಯಲ್ದೂರಿನ ನಮ್ಮ ದೊಡ್ಡಪ್ಪ ತಮ್ಮ ವಾಚು, ಶಾಲು, ರೇಡಿಯೊ ಎಲ್ಲವನ್ನೂ ಕಂಡಕಂಡವರಿಗೆ ಕೊಡತೊಡಗಿದರು. ಊಟ ಕಡಿಮೆಯಾಯಿತು, ಮಾತು ನಿಂತಿತು. ವೈರಾಗ್ಯ ಬಂದಿದೆಯೆಂದು ಮನೆಮಂದಿಯೆಲ್ಲ ಕೈಮುಗಿದೆವು.

ಮುಳಬಾಗಿಲಿನಿಂದ ಬಂದ ಅವರ ತಂಗಿ, ನಮ್ಮ ಸೋದರತ್ತೆ, ಮಾತ್ರ ಪಕ್ಕದಲ್ಲಿ ಕೂತು ನೇರವಾಗಿ ಕೇಳಿದರು: "ಅಣ್ಣಾ, ನಿಂಗೆ ಸಾಯ್ಬೇಕು ಅನ್ನಿಸ್ತಿದೆಯಾ?"

"ಬಿಡ್ತು ಅನ್ನಿ!" ಎಂದು ನಾವೆಲ್ಲ ಗದರಿದೆವು.

ದೊಡ್ಡಪ್ಪ ಬಿಕ್ಕಿ ಬಿಕ್ಕಿ ಅತ್ತರು. "ಹೂಂ ಕಣಮ್ಮ. ಇಷ್ಟು ದಿನ ಯಾರೂ ಕೇಳ್ಲೇ ಇಲ್ಲ."

ಅತ್ತೆ ಅಂದೇ ಅವರನ್ನು ಕೋಲಾರದ ಮನೋವೈದ್ಯರ ಹತ್ತಿರ ಕರೆದೊಯ್ದರು. ವಾಪಸು ಬಂದು ಜೊತೆಯಲ್ಲೇ ಉಳಿದರು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಪ್ಪ, ಚಟ್ನಿಗೆ ಉಪ್ಪು ಸಾಲದೆಂದು ಬೀದಿಗೆ ಕೇಳುವಂತೆ ಜಗಳ ತೆಗೆದರು. ಅತ್ತೆ ನಗುತ್ತ ಉಪ್ಪು ಬಡಿಸಿದರು.

"ಅಂಥಾ ಸಾಧು ಮನುಷ್ಯನ್ನ ಡಾಕ್ಟ್ರು ಕೆಡಿಸಿಬಿಟ್ರು" ಎಂದು ಪಕ್ಕದ ಮನೆಯವರು ಇಂದಿಗೂ ಮರುಗುತ್ತಾರೆ.