ಮುಂದಿನ ಸಾಲಿನ ಸಿದ್ದಮ್ಮ

ಇವತ್ತು ನಮ್ಮ ಕಾಲೇಜಿನ ಕಲಾಕೇಂದ್ರದ ಬೇಸಿಗೆ ಚಿತ್ರಪ್ರದರ್ಶನದಲ್ಲಿ ವಿದ್ಯಾರ್ಥಿಗಳೇ ತೆಗೆದ ಸಾಕ್ಷ್ಯಚಿತ್ರವಿತ್ತು ಗೆಳೆಯರೇ. ಗೋಕುಲಂನಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಾ ಮೇಲಿಂದ ಬಿದ್ದು ಸತ್ತ ಯುವಕನ ಕಥೆ. ಅವನ ತಾಯಿ, ಹಿನಕಲ್‌ನ ಸಿದ್ದಮ್ಮನವರೇ ಅತಿಥಿ. ನಾವು ಹೊದಿಸಿದ ಶಾಲಿನಲ್ಲೇ ಮುಂದಿನ ಸಾಲಿನಲ್ಲಿ ಕೂತು ಚಿತ್ರ ನೋಡಿದರು.

ಆಮೇಲೆ ಸಂವಾದ. ನಮ್ಮ ಹಿರಿಯ ಅಧ್ಯಾಪಕರೊಬ್ಬರು ಮೈಕ್ ಹಿಡಿದು, ಚಿತ್ರ ನಿರ್ದೇಶಿಸಿದ ಹುಡುಗಿಗೆ ಹೇಳಿದರು: “ಚೆನ್ನಾಗಿದೆ ಕಣಮ್ಮ. ಆದ್ರೆ ಆ ತಾಯಿ ಅಳೋ ಸೀನು ತುಂಬಾ ಉದ್ದ ಆಯ್ತು. ಬೋರ್ ಹೊಡೆಯುತ್ತೆ.”

ಹುಡುಗಿ ಬಾಯಿ ತೆರೆಯುವ ಮೊದಲೇ ಸಿದ್ದಮ್ಮ ಎದ್ದು ಕೈಮುಗಿದರು.

“ತಪ್ಪಾಯ್ತು ಬುಡಿ ಸ್ವಾಮಿ. ನಿಲ್ಸೋಕೆ ನೋಡ್ದೆ, ಆಗ್ನಿಲ್ಲ.”

“ಪರವಾಗಿಲ್ಲ ಬಿಡಮ್ಮ” ಎಂದು ಅಧ್ಯಾಪಕರು ಅಲ್ಲೇ ಕ್ಷಮಿಸಿಬಿಟ್ಟರು. ದೊಡ್ಡ ಮನಸ್ಸು.