ಓಡಾಡಿಕೊಂಡಿರುವವರು

ನಾನು ಬಿದ್ದದ್ದು ವಯಸ್ಸಿನಿಂದಲ್ಲ, ಕಾರಿನಿಂದ. ಅದೂ ನಿಂತ ಕಾರಿನಿಂದ, ಇನ್ನೂ ಸರಿಯಾಗಿ ಹೇಳಬೇಕೆಂದರೆ ನಮ್ಮದೇ ಕಾರಿನಿಂದ. ಬಸವನಗುಡಿಯ ನಮ್ಮ ಮನೆ ಕಟ್ಟಿದವರಿಗೆ ಕಾರಿನ ಕನಸು ಬಿದ್ದಿರಲಿಲ್ಲವಾದ್ದರಿಂದ, ಮಗ ಶ್ರೀಧರ ಅದನ್ನು ಗೇಟಿನ ಮುಂದೆ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸುತ್ತಾನೆ. ಆಷಾಢದಲ್ಲಿ ಒಂದು ದಿನ ಗಾಂಧಿಬಜಾರಿಗೆ ಸೊಪ್ಪು ತರಲು ಹೊರಟವಳು ಅದನ್ನು ಸುತ್ತಿ ಹೋಗಲು ರಸ್ತೆಗಿಳಿದೆ, ಹಿಂದಿನಿಂದ ಸ್ಕೂಟರೊಂದು ಹಾರ್ನ್ ಹೊಡೆಯಿತು, ನಾನು ನೆಲಕ್ಕೆ ಕೂತೆ. ಮೂಳೆ ಮುರಿಯಲಿಲ್ಲ. ಮನೆಯವರೆಲ್ಲ ಸೇರಿ ನನ್ನ ಮಂಡಿಯನ್ನು ಬೈದರು. ಕಾರನ್ನು ಯಾರೂ ಒಂದು ಮಾತು ಅನ್ನಲಿಲ್ಲ.

ಅಂದಿನಿಂದ ನನ್ನ ನಡಿಗೆಗೆ ಬೀಗ ಬಿತ್ತು. ಎಲ್ಲಿಗೆ ಬೇಕೋ ಹೇಳು, ಕಾರಿನಲ್ಲಿ ಬಿಡುತ್ತೇನೆ ಎಂದ ಮಗ. ನಿಮ್ಮ ಮನೆಯಲ್ಲೂ ಯಾರಾದರೂ ಇಷ್ಟು ಪ್ರೀತಿಯಿಂದ ಮಾತಾಡಿದರೆ ಎಚ್ಚರವಾಗಿರಿ. ಗವಿಪುರದ ದೇವಸ್ಥಾನಕ್ಕೆ ನಡೆದು ಹೋದರೆ ನನಗೆ ಮಂಗಳಾರತಿ ಸಿಗುತ್ತಿತ್ತು. ಕಾರಿನಲ್ಲಿ ಹೊರಟ ಮೇಲೆ ಟ್ರಾಫಿಕ್ ದಾಟಿ ತಲುಪುವಷ್ಟರಲ್ಲಿ ಬೀಗ ಹಾಕುವ ಅರ್ಚಕರು ಸಿಕ್ಕರು. ಶ್ರಾವಣ ಬರುವಷ್ಟರಲ್ಲಿ ನನ್ನ ಪಾದಗಳು ಊದಿಕೊಂಡವು, ನಿದ್ದೆ ದೂರವಾಯಿತು, ಕುಪ್ಪಸ ಬಿಗಿಯಾಯಿತು.

ಓದಿಲ್ಲದ ನನಗೆ ಹೊಗೆ ಕಾರುವುದಕ್ಕೇ ಅದಕ್ಕೆ ಕಾರು ಎಂಬ ಹೆಸರು ಬಂದಿರಬೇಕೆಂದು ಬಹಳ ಕಾಲ ನಂಬಿಕೆಯಿತ್ತು. ಈಗಲೂ ಬಿಟ್ಟಿಲ್ಲ. ಮೊಮ್ಮಗಳ ಶಾಲೆಯ ಮುಂದೆ ಕಾರುಗಳು ಸಾಲಾಗಿ ನಿಂತು ಹೊಗೆ ಬಿಡುತ್ತವೆ, ಆ ಹೊಗೆಗೆ ಮಗು ಕೆಮ್ಮುತ್ತದೆ, ಕೆಮ್ಮುವ ಮಗುವನ್ನು ನಡೆಸಬಾರದೆಂದು ಅದನ್ನೂ ಕಾರಿನಲ್ಲೇ ಕಳಿಸುತ್ತಾರೆ. ಇನ್ನು ಮಗನದು ಬೇರೆಯೇ ಕಥೆ. ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದರು ಡಾಕ್ಟರು. ವಿಧೇಯ ಹುಡುಗ. ದಿನಾ ಬೆಳಗ್ಗೆ ಕಾರಿನಲ್ಲಿ ಲಾಲ್‌ಬಾಗಿಗೆ ಹೋಗಿ, ನಡೆದು, ಕಾರಿನಲ್ಲಿ ಬರುತ್ತಾನೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗದ ದಿನ ನಡಿಗೆಗೂ ರಜೆ.

ನಮ್ಮ ಕಡೆ ವಯಸ್ಸಾದವರು ಆರೋಗ್ಯವಾಗಿದ್ದಾರಾ ಎಂದು ಯಾರೂ ಕೇಳುವುದಿಲ್ಲ, ಗಮನಿಸಿದ್ದೀರಾ? ಓಡಾಡಿಕೊಂಡಿದ್ದಾರಾ ಎಂದು ಕೇಳುತ್ತಾರೆ. ಆರೋಗ್ಯ ಕಾಲಲ್ಲಿದೆ ಎಂದು ಭಾಷೆಗೇ ಗೊತ್ತು. ಮೊನ್ನೆ ಪಕ್ಕದ ಮನೆಯ ಕಮಲಮ್ಮ ಕಾಂಪೌಂಡಿನ ಆಚೆಯಿಂದ ನನ್ನ ಬಗ್ಗೆ ಅದನ್ನೇ ಕೇಳಿದಾಗ ಸೊಸೆ ಸುಧಾ ನಗುತ್ತ ಹೇಳಿದಳು: "ಹೂಂ ರೀ, ಓಡಾಡ್ಕೊಂಡಿದಾರೆ. ಕಾರಲ್ಲಿ."

ನನಗೂ ನಗು ಬಂತು. ಆದರೆ ಅರ್ಧದಲ್ಲೇ ನಿಂತಿತು. ಏಕೆಂದರೆ ಈ ಪ್ರಶ್ನೆಯ ನಂತರ ಬರುವ ಪ್ರಶ್ನೆ ನನಗೆ ಗೊತ್ತು: ಊಟ ಸೇರತ್ತಾ? ಅದರ ನಂತರದ್ದು: ಗುರುತು ಸಿಗತ್ತಾ? ಅದಾದ ಮೇಲೆ ಯಾರೂ ಏನೂ ಕೇಳುವುದಿಲ್ಲ, ವೈಕುಂಠ ಸಮಾರಾಧನೆ ಯಾವತ್ತು ಎಂಬುದನ್ನು ಬಿಟ್ಟು. ನನಗೆ ಇನ್ನೂ ಕೆಲವು ವರ್ಷ ಮೊದಲನೇ ಪ್ರಶ್ನೆಯಲ್ಲೇ ಇರುವ ಆಸೆ.

ಆ ಸಂಜೆಯೇ ಮಗನಿಗೆ ಹೇಳಿದೆ: ಫುಟ್‌ಪಾತ್ ಬಿಡು, ನಾನು ನಡೆಯಬೇಕು, ಹಿಂದಿನ ಬೀದಿ ದಾಟಿದರೆ ಮೈದಾನದ ಪಕ್ಕ ಬೇಕಾದಷ್ಟು ಜಾಗ ಇದೆ, ಕಾರು ಅಲ್ಲಿರಲಿ.

"ಅಲ್ಲಿಂದ ಮನೇಗೆ ಯಾರಮ್ಮ ನಡೀತಾರೆ?" ಎಂದ, ನಡೆಯಲೆಂದೇ ಲಾಲ್‌ಬಾಗಿಗೆ ಹೋಗುವವನು.

ಮಾರನೆಯ ದಿನ ಶ್ರಾವಣ ಶುಕ್ರವಾರ. ಅವನ ಕಾರು ಲಾಲ್‌ಬಾಗಿನ ಕಡೆ ತಿರುಗಿದ್ದೇ ತಡ, ಫುಟ್‌ಪಾತಿಗೆ ನೀರು ಹಾಕಿ ರಂಗೋಲಿ ಡಬ್ಬಿ ಹಿಡಿದು ಬಗ್ಗಿದೆ. ಕಾರು ನಿಲ್ಲುವಷ್ಟು ಉದ್ದಕ್ಕೂ ಪದ್ಮ, ಶಂಖ, ಗೋಪಾದ ಬಿಡಿಸಿದೆ. ಚಕ್ರವನ್ನೂ ಬಿಡಿಸಿದೆ, ಅಲ್ಲಿರಬೇಕಾದ ಚಕ್ರ ಅದೊಂದೇ. ನಡೆಯುವವರಿಗೆ ಅಂಚಿನಲ್ಲಿ ದಾರಿ ಬಿಟ್ಟು, ನಡುವಿನ ಪದ್ಮಕ್ಕೆ ಅರಿಶಿನ ಕುಂಕುಮ ಏರಿಸಿದೆ. ಮಂಡಿ ಗೊಣಗಿತು, ನಾನು ಕಿವಿಗೊಡಲಿಲ್ಲ.

ಮಗ ಬಂದ, ಬ್ರೇಕ್ ಹಾಕಿದ, ನೋಡಿದ. ಕೆಂಪು ದೀಪವಿದ್ದರೂ ನುಗ್ಗುವವನೇ, ಆದರೆ ಶುಕ್ರವಾರದ ಲಕ್ಷ್ಮಿಯ ಪದ್ಮದ ಮೇಲೆ ಟೈರು ಹತ್ತಿಸುವಷ್ಟು ಧೈರ್ಯ ಅವನಿಗೆ ನಾನು ಕಲಿಸಿಲ್ಲ. ಸುಮ್ಮನೆ ಮುಂದೆ ಹೋದ. ನಾನು ಚೀಲ ಹಿಡಿದು ಫುಟ್‌ಪಾತಿನ ಮೇಲೇ ಗಾಂಧಿಬಜಾರಿನತ್ತ ಹೊರಟೆ. ಬೀದಿಯ ಕೊನೆಯಲ್ಲಿ ಅವನೇ ಎದುರಾದ, ಬೆವರೊರೆಸುತ್ತ, ನಡೆದುಕೊಂಡು.

"ಒಬ್ಳೇ ಎಲ್ಲಿಗಮ್ಮ?" ಎಂದ.

"ರಂಗೋಲಿ ಪುಡಿ ಮುಗೀತು ಕಣೋ" ಎಂದೆ. "ನಾಳೆಗೂ ಬೇಕಲ್ಲ."