ಹೊಸತೊಡಕಿನ ದಿನದ ಮಾತ್ರೆ

ಮಾತ್ರೆಯ ಬಗೆಗಿನ ಆ ಮಾತನ್ನು ಅಕ್ಕ ಒಲೆಯ ಮುಂದೆ ಹೇಳಿದಳೋ, ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಹೇಳಿದಳೋ, ನನಗೆ ಖಚಿತವಿಲ್ಲ. ಕೇಳಿ ನಾನು ನಕ್ಕೆ ಎಂದು ನನ್ನ ನೆನಪು. ಬೈದೆ ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಎರಡೂ ನಿಜವಾಗಿರಲಾರವು. ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂಬುದೊಂದನ್ನು ನಾನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತೆ. ಅದನ್ನು ಊರಿನವರ ಮೇಲೆಲ್ಲ ಪ್ರಯೋಗಿಸಿದವನು ನನ್ನ ನೆನಪಿನ ಮೇಲೆ ಪ್ರಯೋಗಿಸಿದ್ದು ಬಹಳ ತಡವಾಗಿ.

ಹಾರೋಹಳ್ಳಿಯ ಸುತ್ತಿನ ರಾಗಿ ಹೊಲಗಳಿಗೆ ಕಾಂಪೌಂಡು ಗೋಡೆ ಏಳುತ್ತಿದ್ದ ಕಾಲ. ಅಕ್ಕ ಮರಳವಾಡಿಯ ತನ್ನ ಮನೆಯಿಂದ ದಿನಾ ಬೆಳಿಗ್ಗೆ ಕಂಪನಿಯ ವ್ಯಾನು ಹತ್ತಿ ಅಲ್ಲಿನ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಂಗಿಗೆ ಕಾಲರ್ ಕೂರಿಸುವ ಮೆಷಿನ್ನು ಅವಳದು. ದಿನವಿಡೀ ಬಲಗಾಲಿನಿಂದ ಪೆಡಲ್ ಒತ್ತಬೇಕು. ಆ ಕಾಲನ್ನು ಅವಳು ‘ನನ್ ಅನ್ನದ್ ಕಾಲು’ ಎನ್ನುತ್ತಿದ್ದಳು. ಹಿಂದಿನ ವರ್ಷ ಕನಕಪುರದ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ, ದಿನಕ್ಕೆ ಎರಡು ಮಾತ್ರೆ ಬರೆದುಕೊಟ್ಟಿದ್ದರು. ತಪ್ಪದೆ ನುಂಗುತ್ತಿದ್ದಳು.

ನಾನು ಆಗ ರಾಮನಗರದ ಕಾಲೇಜೊಂದರಲ್ಲಿ ಅರೆಕಾಲಿಕ ಮೇಷ್ಟ್ರು. ಯುಗಾದಿಗೆ ಮೊದಲು ಅಕ್ಕ ತನ್ನ ಸೂಪರ್‌ವೈಸರ್ ಹತ್ತಿರ ‘ನನ್ ತಮ್ಮ ಎಮ್ಮೆ ಓದವ್ನೆ, ಚೆಂದಾಗಿ ಬರೀತಾನೆ’ ಎಂದು ಹೇಳಿಬಿಟ್ಟಿದ್ದಳು. ಎಂ.ಎ. ಎನ್ನುವುದು ಅವಳ ಬಾಯಲ್ಲಿ ಯಾವಾಗಲೂ ಎಮ್ಮೆಯೇ. ಹಬ್ಬದಲ್ಲಿ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಎಂಬ ಕರಪತ್ರ ಕಂಪನಿಗೆ ಬೇಕಿತ್ತು. ಯಾರ ಹೊಟ್ಟೆಯ ಮೇಲಿನ ಕಾಳಜಿಯೂ ಅದಲ್ಲ. ಹಬ್ಬದ ಮಾರನೆಯ ವಾರ ಹೊಟ್ಟೆನೋವು, ಸುಸ್ತು ಎಂದು ಹೆಂಗಸರು ಬರದೆ ಮೆಷಿನ್ನುಗಳು ಸುಮ್ಮನೆ ನಿಲ್ಲುತ್ತಿದ್ದವು. ಇದು ಗೊತ್ತಿದ್ದೂ ಬರೆದೆ. ಪ್ರತಿಯಾಗಿ ಒಂದು ಸ್ಟೀಲ್ ಟಿಫಿನ್ ಡಬ್ಬಿ ಬಂತು.

‘ಒಬ್ಬಟ್ಟು ಎರಡಕ್ಕೆ ನಿಲ್ಲಿಸಿ. ಊಟವಾದ ಮೇಲೆ ಸ್ವಲ್ಪ ನಡೆಯಿರಿ. ನೀರು ಕುಡಿಯಿರಿ, ನಿದ್ದೆಗೆಡಬೇಡಿ.’ ನಾಲ್ಕು ಗಂಟೆಗೆ ಎದ್ದು ಹೂರಣ ರುಬ್ಬಿ, ಮನೆಮಂದಿಗೆಲ್ಲ ಎಣ್ಣೆನೀರು ಹಾಕಿ, ಬಡಿಸಿ, ಮಧ್ಯಾಹ್ನ ಮೂರಕ್ಕೆ ತಳದ ಸಾರು ಬಳಿದುಕೊಳ್ಳುವ ಹೆಂಗಸರಿಗೆ ನಾನು ಕೊಟ್ಟ ಬುದ್ಧಿ ಇದು. ಬಡಿಸುವವಳು ಯಾವಾಗ ಉಣ್ಣಬೇಕು ಎಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಅಚ್ಚಾದ ಕರಪತ್ರದಲ್ಲಿ ಮೇಲ್ಗಡೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ಹೊಸತೊಡಕಿನ ದಿನ ಮಾಡಿದ್ದೇ ವರ್ಷವಿಡೀ ನಡೆಯುತ್ತದೆ. ಅಂದು ಆರೋಗ್ಯವಾಗಿರಿ, ವರ್ಷವೆಲ್ಲ ಆರೋಗ್ಯವಾಗಿರುವಿರಿ.’

ಯುಗಾದಿಯ ಮಾರನೆಯ ದಿನ ಹೊಸತೊಡಕು. ಊರಿನವರು ಕೂಡಿ ಕುರಿಮರಿ ಕಡಿದು, ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿಕೊಳ್ಳುತ್ತಾರೆ. ಮನೆಮನೆಯಲ್ಲೂ ಬಾಡೂಟ. ಆ ದಿನ ಮಕ್ಕಳನ್ನು ಹೊಡೆಯುವುದಿಲ್ಲ, ಹೊಡೆದರೆ ವರ್ಷವೆಲ್ಲ ಹೊಡೆತ. ಯಾರೂ ಅಳಬಾರದು. ತೊಡಕು ಎಂಬುದು ತೊಡಗು ಎಂಬುದರಿಂದ ಬಂದಿರಬೇಕು, ಶುರು ಮಾಡುವ ದಿನ ಅಷ್ಟೆ, ಎಂದು ನಾನು ಸ್ಟಾಫ್‌ರೂಮಿನಲ್ಲಿ ಪಾಂಡಿತ್ಯ ತೋರಿಸುತ್ತಿದ್ದೆ.

ಆ ವರ್ಷದ ಹೊಸತೊಡಕಿಗೆ ಅಕ್ಕನ ಮನೆಗೆ ಹೋಗಿದ್ದೆ. ಇಷ್ಟಂತೂ ನಿಜ. ಕಿಟಕಿಯಲ್ಲಿ ಮಾತ್ರೆಯ ಹಾಳೆ ಕಂಡು ಕೇಳಿದೆ.

“ಮಾತ್ರೆ ತಗಂಡ್ಯಾ?”

“ಇವತ್ತಾ? ಇವತ್ ನುಂಗುದ್ರೆ ವರ್ಸೆಲ್ಲ ನುಂಗ್ತಾನೇ ಇರ್ಬೇಕು ಕಣ್ಲಾ.”

“ಹುಚ್ಚೇನಕ್ಕ ನಿಂಗೆ?”

“ಓಹೋ, ನಂಗ್ ಹುಚ್ಚು! ನೀನೇ ಬರ್ದಿದ್ದೀಯಲ್ಲೋ ಎಮ್ಮೆ, ಪ್ರಿಂಟಾಗೈತೆ. ಇವತ್ ಆರೋಗ್ಯವಾಗಿದ್ರೆ ವರ್ಸೆಲ್ಲ ಆರೋಗ್ಯ ಅಂತ. ಆರೋಗ್ಯವಾಗಿರೋರು ಮಾತ್ರೆ ನುಂಗ್ತಾರಾ? ಸುಮ್ಕೆ ಕೂತ್ಕೊ, ಒಸಿ ಬೋಟಿ ಹಾಕ್ತೀನಿ.”

ಮರಿಯ ಕರುಳಿನ ಆ ಬೋಟಿ ಸಾರು ಚೆನ್ನಾಗಿತ್ತು. ಎರಡನೆಯ ಸಲವೂ ಹಾಕಿಸಿಕೊಂಡೆ. ಇದರ ಬಗ್ಗೆ ನೆನಪು ನನಗೆ ಮೋಸ ಮಾಡಿಲ್ಲ.

ಒಂದು ದಿನ ಮಾತ್ರೆ ತಪ್ಪಿದರೆ ಏನೂ ಆಗುವುದಿಲ್ಲ. ಆಗಲೂ ಇಲ್ಲ. ಕೆಟ್ಟದ್ದಾದದ್ದು ಅದರಿಂದಲೇ. ಮಾರನೆಯ ದಿನ ಚೆನ್ನಾಗಿಯೇ ಎದ್ದ ಅಕ್ಕ, ವರ್ಷ ಒಳ್ಳೆಯದಾಗಿ ತೊಡಗಿದೆ, ಕೆಡಿಸುವುದೇಕೆ ಎಂದು ಮಾತ್ರೆಯನ್ನು ಪೂರ್ತಿ ಬಿಟ್ಟಳು. ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದಾಗ ಅವಳು ಸಣ್ಣಗಾಗಿದ್ದಳು. ಬೀದಿಯ ಹೆಂಗಸರು ‘ಒಳ್ಳೆ ಮದ್ವೆ ಎಣ್ಣಿನಂಗಾಗಿದ್ದೀಯ ಕಣಮ್ಮಿ, ಅದೇನ್ ತಿಂತೀಯ?’ ಎಂದು ರೇಗಿಸುತ್ತಿದ್ದರು. ಅವಳು ನಗುತ್ತಾ ಚೊಂಬಿನಿಂದ ನೀರು ಕುಡಿಯುತ್ತಿದ್ದಳು, ಮತ್ತೆ ಮತ್ತೆ. ನಡೆಯುವುದು, ನೀರು ಕುಡಿಯುವುದು ಎಂದೆಲ್ಲ ಬರೆದದ್ದು ನಾಟಿತು ಎಂದುಕೊಂಡೆ ನಾನು. ‘ಚೆನ್ನಾಗಿದ್ದೀಯ ಅಕ್ಕ’ ಎಂದೂ ಹೇಳಿದೆ.

ಹಬ್ಬಕ್ಕೆ ಕೊಂಡಿದ್ದ ಹೊಸ ಚಪ್ಪಲಿ ಬಲಗಾಲಿನ ಹೆಬ್ಬೆರಳನ್ನು ಕಚ್ಚಿತ್ತು. ಅರಿಶಿನ ಮೆತ್ತಿ ಅದೇ ಕಾಲಿನಲ್ಲಿ ಪೆಡಲ್ ಒತ್ತಿದಳು. ಪಿತೃಪಕ್ಷದಲ್ಲಿ ಮನೆಮನೆಯವರೂ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಕನಕಪುರದ ಡಾಕ್ಟರು ನೋಡಿ, ಬೆಂಗಳೂರಿಗೆ ಹೋಗಿ ಎಂದರು. ಅಲ್ಲಿ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು.

ವಾರ್ಡಿನಲ್ಲಿ ಅವಳು ಕೇಳಿದ್ದು ಒಂದೇ.

“ಪೆಡ್ಲು ಒತ್ತಾಕಾಯ್ತದೇನ್ಲಾ?”

ಮಾತ್ರೆ ಬಿಟ್ಟ ವಿಷಯ ಡಾಕ್ಟರಿಂದ ತಿಳಿದಿದ್ದ ನಾನು, ಬಿಟ್ಟದ್ದೇಕೆ ಎಂದು ರೇಗಿದೆ. ಕಾಯಿಲೆ ಬಿದ್ದು ಮಲಗಿದ್ದವಳ ಮೇಲೆ ರೇಗಿದೆ. ಅವಳು ಗೋಡೆಯ ಕಡೆ ಮುಖ ಮಾಡಿ, “ನೀನ್ ಬರ್ದಿದ್ನೇ ಮಾಡ್ದೆ” ಎಂದಳು. ಅದು ದೂರಿನ ದನಿಯಾಗಿರಲಿಲ್ಲ.

“ಆ ಸಾಲು ನಾನು ಬರೆದದ್ದಲ್ಲ ಅಕ್ಕ, ಕಂಪನಿಯವರು ಸೇರಿಸಿದ್ದು. ಅಂಥ ಮೂಢನಂಬಿಕೆ ನಾನು ಬರೀತೀನಾ?”

“ಇರ್ಬೋದು ಬುಡು” ಎಂದಳು.

ಪೆಡಲ್ ಒತ್ತಲು ಆಗಲಿಲ್ಲ. ಕಂಪನಿಯವರು ಸ್ವಲ್ಪ ದಿನ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು. ಅದಕ್ಕೆ ದಿನವಿಡೀ ನಿಂತಿರಬೇಕು. ಆಮೇಲೆ ವ್ಯಾನು ಅವಳ ಮನೆಯ ಮುಂದೆ ನಿಲ್ಲುವುದನ್ನು ಬಿಟ್ಟಿತು. ಮುಂದಿನ ಯುಗಾದಿಗೆ ಅದೇ ಕರಪತ್ರವನ್ನು ಮತ್ತೆ ಹಂಚಿದರಂತೆ.

ಕಂಪನಿಯವರು ಸೇರಿಸಿದ್ದು ಎಂಬ ಮಾತನ್ನು ನಾನು ಭಾವನಿಗೆ ಹೇಳಿದೆ, ಅಮ್ಮನಿಗೆ ಹೇಳಿದೆ, ಹೆಂಡತಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ಸೂಪರ್‌ವೈಸರು ಪೆನ್ನು ತೆಗೆದು ಆ ಸಾಲನ್ನು ಬರೆಯುವುದೇ ನನ್ನ ಕಣ್ಣಿಗೆ ಕಟ್ಟಿತು. ಆ ಸೂಪರ್‌ವೈಸರನ್ನು ನಾನು ಒಮ್ಮೆಯೂ ನೋಡಿದವನಲ್ಲ. ಕೈಬರಹದ ಪ್ರತಿಯನ್ನು ಅಕ್ಕನ ಕೈಲೇ ಕಳಿಸಿದ್ದೆ.

ಅಚ್ಚಾದ ಮೇಲೆ ಆ ಪ್ರತಿಯನ್ನು ಅವಳು ವಾಪಸು ಕೇಳಿ ತಂದಿದ್ದಳು. ತಮ್ಮನ ಬರಹವೆಂದು, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟಿದ್ದಳು. ಎಷ್ಟೋ ವರ್ಷದ ಮೇಲೆ ಆ ಕಾರ್ಡು ಜೆರಾಕ್ಸ್ ಮಾಡಿಸಲು ನನ್ನ ಕೈಗೆ ಬಂತು. ಅಂಗಡಿಯ ಮುಂದೆ ನಿಂತು ಹಾಳೆ ಬಿಚ್ಚಿ ನೋಡಿದೆ. ಸಂಶಯಕ್ಕೆ ಆಸ್ಪದ ಇರಬಾರದೆಂದು ಮನೆಗೆ ಹೋಗಿ ನನ್ನ ಹಳೆಯ ನೋಟ್ಸಿನ ಅಕ್ಷರಗಳ ಪಕ್ಕ ಇಟ್ಟೂ ನೋಡಿದೆ. ಹೊಸತೊಡಕಿನ ಸಾಲು ನನ್ನ ಕೈಬರಹದಲ್ಲೇ ಇತ್ತು. ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ‘ದಪ್ಪಕ್ಷರ’ ಎಂದು ಬರೆದವನೂ ನಾನೇ.